ಮೊನೆಗೆ ತಿಳಿಯಬೇಕಾದದ್ದು

ಮಾವ ಟೂಲ್‌ರೂಮಿನಲ್ಲಿ ಜಿಗ್, ಫಿಕ್ಸ್‌ಚರ್ ಮಾಡಿ ನಿವೃತ್ತರಾದವರು. ಅವರ ಅಕ್ಕನ ಮಗಳು ಬೆನ್ನುಮೂಳೆಯ ಶಸ್ತ್ರವೈದ್ಯೆ. ಸ್ಕ್ರೂ ಕೂರಿಸುವ ಮೊದಲು ಮೂಳೆಯಲ್ಲಿ ದಾರಿ ಮಾಡುವ ಪ್ರೋಬ್ ಒಂದನ್ನು ವಿನ್ಯಾಸ ಮಾಡಲು ಹೊರಟಿದ್ದಾಳೆ.

ಮಾವ: ಟಾಲರೆನ್ಸ್ ಎಷ್ಟು? ಎಷ್ಟು ತಪ್ಪಿದರೆ ನಡೆಯುತ್ತದೆ? ಮೊದಲು ಅದನ್ನು ಹೇಳು ಪುಟ್ಟಿ.

ವೈದ್ಯೆ: ಪೆಡಿಕಲ್ ಅಂದರೆ ಕಶೇರುವಿನ ಹಿಂಭಾಗವನ್ನು ಮುಂದಿನ ದಪ್ಪ ಭಾಗಕ್ಕೆ ಸೇರಿಸುವ ಸಣ್ಣ ಕುತ್ತಿಗೆ, ಮಾವ. ಸ್ಕ್ರೂ ಅದರೊಳಗೇ ಹಾದುಹೋಗಬೇಕು. ಸೊಂಟದ ಕೆಳಭಾಗದ ಕಶೇರುಗಳಲ್ಲಿ 6.5 ಮಿ.ಮೀ. ಸ್ಕ್ರೂ ಸಾಮಾನ್ಯವಾಗಿ ಆರಾಮಾಗಿ ಕೂರುತ್ತದೆ. ಎದೆಯ ಹಿಂದಿನ ನಡುಭಾಗಕ್ಕೆ ಬಂದರೆ ಕುತ್ತಿಗೆಯ ಅಗಲವೇ 4–5 ಮಿ.ಮೀ.; ಕೆಲವರಲ್ಲಿ ಅಷ್ಟೂ ಇರುವುದಿಲ್ಲ. ಒಳಮಗ್ಗುಲಿಗೆ ಬೆನ್ನುಹುರಿ, ಕೆಳಗೆ ನರದ ಬೇರು, ಮುಂದಕ್ಕೆ ತೂರಿದರೆ ಮಹಾಪಧಮನಿ. ಸ್ಕ್ರೂ ಗೋಡೆ ದಾಟಿದ್ದನ್ನು 2 ಮಿ.ಮೀ.ಗಳ ಮೆಟ್ಟಿಲಲ್ಲಿ ಅಳೆಯುವ ಪದ್ಧತಿಯನ್ನು 1990ರಲ್ಲಿ ಗರ್ಟ್ಸ್‌ಬೈನ್ ಮತ್ತು ರಾಬಿನ್ಸ್ ಹಾಕಿಕೊಟ್ಟರು. ನಮ್ಮ ಅಳತೆ ಇವತ್ತಿಗೂ ಅದೇ.

ಮಾವ: ಹಾಗಾದರೆ ಕೈಗೆ ಯಾಕೆ ಬಿಡುತ್ತೀಯ? ಜಿಗ್ ಮಾಡು. ಮೂಳೆಯ ಮೇಲೆ ಕಚ್ಚಿ ಕೂರುವ ಅಚ್ಚು, ಅದರಲ್ಲಿ ಡ್ರಿಲ್ ತೂರುವ ಒಂದು ಬುಷ್. ಡ್ರಿಲ್ಲಿಗೆ ಬೇರೆ ದಾರಿಯೇ ಇರಬಾರದು.

ವೈದ್ಯೆ: ಅದನ್ನೂ ಮಾಡಿದ್ದಾರೆ. ರೋಗಿಯ ಸಿಟಿ ಸ್ಕ್ಯಾನ್ ನೋಡಿ ಆ ಒಬ್ಬರಿಗಷ್ಟೇ ಹೊಂದುವ ಅಚ್ಚು ಮಾಡುವ ಕೆಲಸ ಜರ್ಮನಿಯ ಆಹೆನ್‌ನಲ್ಲಿ 1990ರ ದಶಕದಲ್ಲೇ ನಡೆಯಿತು. ಈಗ 3ಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ. ಆದರೆ ಮೂಳೆಯ ಮೇಲೆ ಸ್ನಾಯುವಿನ ಚೂರೊಂದು ಉಳಿದಿದ್ದರೂ ಅಚ್ಚು ತುಸು ಓರೆಯಾಗುತ್ತದೆ. ನೋಡಿದವರಿಗೆ ಸರಿಯಾಗಿಯೇ ಕೂತಂತೆ ಕಾಣುತ್ತದೆ.

ಮಾವ: ಡೇಟಮ್, ಅಂದರೆ ಅಳತೆಗೆ ಆಧಾರವಾದ ಜಾಗವೇ, ಹೋಯಿತು ಅನ್ನು. ಡೇಟಮ್ ಹೋದಮೇಲೆ ಬುಷ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ತಪ್ಪು ಜಾಗಕ್ಕೆ ಅಷ್ಟೇ ಚೆನ್ನಾಗಿ ಕರೆದೊಯ್ಯುತ್ತದೆ.

ವೈದ್ಯೆ: ನ್ಯಾವಿಗೇಶನ್ನಿನ ಚಿಂತೆಯೂ ಅದೇ. ಕಶೇರುವಿನ ಹಿಂದಿನ ಮುಳ್ಳಿಗೆ ಒಂದು ಚೌಕಟ್ಟು ಬಿಗಿಯುತ್ತೇವೆ. ಕ್ಯಾಮೆರಾ ಅದನ್ನೂ ನನ್ನ ಉಪಕರಣವನ್ನೂ ನೋಡಿ, ಪರದೆಯ ಮೇಲೆ ಮೂಳೆಯೊಳಗೆ ಒಂದು ಗೆರೆ ಎಳೆದು ತೋರಿಸುತ್ತದೆ. ಯಾರದೋ ಮೊಣಕೈ ಚೌಕಟ್ಟಿಗೆ ತಗುಲಿತು ಅನ್ನಿ. ಪರದೆಯ ಚಿತ್ರ ಮೊದಲಿನಷ್ಟೇ ಸ್ಪಷ್ಟವಾಗಿರುತ್ತದೆ, ಆದರೆ ಅದು ಹೇಳುವ ಜಾಗದಲ್ಲಿ ಮೂಳೆ ಇರುವುದಿಲ್ಲ. ಉಸಿರಿನ ಜೊತೆ ಬೆನ್ನೂ ಏರಿಳಿಯುತ್ತಿರುತ್ತದೆ.

ಮಾವ: ಕೊರೆಯಬೇಕಾದ ಜಾಬ್ ಅಲ್ಲಾಡುವುದಾದರೆ ಮೆಷಿನ್ನನ್ನೇ ಜಾಬಿನ ಮೇಲೆ ಕಟ್ಟಬೇಕು.

ವೈದ್ಯೆ: ಟೆಕ್ನಿಯನ್‌ನ ಮೋಶೆ ಶೋಹಾಮ್ ಮಾಡಿದ್ದು ಅದನ್ನೇ! ಬೆನ್ನುಮೂಳೆಗೇ ಕಟ್ಟುವಷ್ಟು ಪುಟ್ಟ ರೋಬೋ. 2004ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದರೂ ಇಳಿಜಾರಾದ ಮೂಳೆಯ ಮೇಲೆ ಡ್ರಿಲ್ಲಿನ ಮೊನೆ ಜಾರಬಹುದು. ರೋಬೋ ತೋರಿಸಿದ ದಿಕ್ಕು ಸರಿಯೇ ಇರುತ್ತದೆ. ಮೊನೆ ಬೇರೆ ಕಡೆ ಹೋಗಿರುತ್ತದೆ.

ಮಾವ: ಉಕ್ಕಿನಲ್ಲೂ ಜಾರುತ್ತದೆ. ಮೊದಲು ಆ ಜಾಗ ಚಪ್ಪಟೆ ಮಾಡಿಕೊಳ್ಳಬೇಕು. ಇರಲಿ, ಇದ್ಯಾವುದೂ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದರು?

ವೈದ್ಯೆ: ಪ್ಯಾರಿಸ್ಸಿನಲ್ಲಿ ರೇಮಂಡ್ ರಾಯ್-ಕಮಿಲ್ ಪೆಡಿಕಲ್ ಸ್ಕ್ರೂ ಹಾಕತೊಡಗಿದ್ದು 1963ರಲ್ಲಿ. ರೋಗಿಯೊಬ್ಬರ ತಲೆಯ ಮೊದಲ ಸಿಟಿ ಸ್ಕ್ಯಾನ್ ಆದದ್ದು 1971ರಲ್ಲಿ. ಅಲ್ಲಿಯವರೆಗೆ ಮೂಳೆಯ ಹೊರಗಿನ ಗುರುತು, ಸಾದಾ ಎಕ್ಸ್‌ರೇ, ಉಳಿದದ್ದೆಲ್ಲ ಕೈ. ಪೆಡಿಕಲ್‌ನ ಒಳಮೂಳೆ ಮೃದು, ಗೋಡೆ ಗಟ್ಟಿ. ಪ್ರೋಬನ್ನು ಮೆಲ್ಲಗೆ ಒತ್ತುತ್ತ ಹೋದರೆ ಅದು ಮೃದುವಿರುವ ಕಡೆಗೇ ಸಾಗುತ್ತದೆ. ಬಾಗಿದ ಮೊನೆಯನ್ನು ಮೊದಲು ಹೊರಮುಖವಾಗಿಟ್ಟು 15–20 ಮಿ.ಮೀ. ಇಳಿಸುತ್ತೇವೆ, ಬೆನ್ನುಹುರಿಯ ಕಡೆ ತಿರುಗದಿರಲಿ ಅಂತ. ಆ ಆಳ ದಾಟಿದ ಮೇಲೆ ಹೊರತೆಗೆದು, ಒಳಮುಖ ಮಾಡಿ ಮತ್ತೆ ಇಳಿಸುತ್ತೇವೆ. ಆಮೇಲೆ ಗುಂಡುತುದಿಯ ಫೀಲರ್ ಇಳಿಸಿ ಐದೂ ಕಡೆ ಮುಟ್ಟಿ ನೋಡುವುದು: ನಾಲ್ಕು ಗೋಡೆ, ಒಂದು ತಳ. ಅದಕ್ಕೇ ನನಗೆ ಪ್ರೋಬ್ ಮೇಲೆ ಇಷ್ಟು ಪ್ರೀತಿ. ಜಿಗ್ ಎಲ್ಲವನ್ನೂ ಮೊದಲೇ ತೀರ್ಮಾನಿಸಿರುತ್ತದೆ. ಪ್ರೋಬ್ ಹೆಜ್ಜೆಹೆಜ್ಜೆಗೂ ಮೂಳೆಯನ್ನು ಕೇಳುತ್ತದೆ.

ಮಾವ: ಕೇಳಿದ್ದು ಯಾರಿಗೆ ತಿಳಿಯಿತು? ನಿನ್ನ ಕೈಗೆ. ಆ ಕೈಗೆ ಡೇಟಮ್ ಯಾವುದು?

ವೈದ್ಯೆ: ಅನುಭವ.

ಮಾವ: ಅನುಭವಕ್ಕೆ ತಪ್ಪು ಅಭ್ಯಾಸವಾಗಿದ್ದರೆ? ನಾನು ಕೈಯನ್ನು ಹಳಿಯುತ್ತಿಲ್ಲ, ಜೀವಮಾನವಿಡೀ ಅದನ್ನೇ ನಂಬಿದವನು. ಆದರೆ ನಮ್ಮಲ್ಲಿ ಕೈ ಹೇಳಿದ್ದನ್ನು ಗೇಜ್ ಒಪ್ಪಬೇಕಿತ್ತು. ನೀನು ಹೇಳುವ ಐದು ಕಡೆಯನ್ನು ನಿನ್ನ ಜೊತೆ ಇನ್ಯಾರು ಮುಟ್ಟುತ್ತಾರೆ?

ವೈದ್ಯೆ: ಅದು ನಿಜ. ಮೂಳೆ ಟೊಳ್ಳಾದ ಮುದುಕಿಯಲ್ಲಿ ಗೋಡೆಯೇ ಮೆತ್ತಗಿರುತ್ತದೆ. ದಾಟಿದ್ದು ಕೈಗೆ ಗೊತ್ತಾಗದೆ ಹೋಗಬಹುದು. ಬೆನ್ನು ಸೊಟ್ಟಗಾದ ಮಗುವಿನಲ್ಲಿ ಬಾಗಿನ ಒಳಬದಿಯ ಪೆಡಿಕಲ್ ತೀರಾ ಸಣ್ಣದು, ಬೆನ್ನುಹುರಿ ಅದಕ್ಕೇ ಒತ್ತಿಕೊಂಡಿರುತ್ತದೆ. ಇಷ್ಟಾಗಿ ನನ್ನ ಕೈಗೆ ಬಂದ ವಿದ್ಯೆ ಇನ್ನೊಂದೂರಿನ ರೋಗಿಗೆ ಯಾವ ರಕ್ಷಣೆ? ಫ್ರಾನ್ಸಿನಿಂದ ಬಂದ ಪೆಡಿಗಾರ್ಡ್ ಇಷ್ಟವಾಗುವುದು ಇದಕ್ಕೇ. ಅದೂ ಪ್ರೋಬೇ, ಮೊನೆಯಲ್ಲಿ ಮಾತ್ರ ವಿದ್ಯುತ್ ಸಂವೇದಕವಿದೆ. ರಕ್ತ, ಮೃದು ಅಂಗಾಂಶಗಳಲ್ಲಿ ವಿದ್ಯುತ್ ಗಟ್ಟಿ ಮೂಳೆಗಿಂತ ಚೆನ್ನಾಗಿ ಹರಿಯುತ್ತದೆ. ಮೊನೆ ಗೋಡೆ ದಾಟತೊಡಗಿದರೆ ಸದ್ದಿನ ಸ್ವರ ಏರಿ, ಲಯ ಚುರುಕಾಗುತ್ತದೆ.

ಮಾವ: ಸದ್ದು. ಅಂದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತದೆ.

ವೈದ್ಯೆ: ಸಿಸ್ಟರಿಗೂ, ಅರಿವಳಿಕೆಯವರಿಗೂ, ಕಲಿಯುತ್ತಿರುವ ಹುಡುಗನಿಗೂ. ನನ್ನ ಬೆರಳೊಳಗೇ ಇದ್ದ ಅನುಮಾನ ಎಲ್ಲರದ್ದೂ ಆಗುತ್ತದೆ. ಅವರು 'ಮೇಡಂ, ನಿಲ್ಲಿಸಿ' ಅನ್ನಬಹುದು.

ಮಾವ: ಕೈ ಸರಿ ಅನ್ನುತ್ತದೆ, ಸದ್ದು ತಪ್ಪು ಅನ್ನುತ್ತದೆ. ಆಗ?

ವೈದ್ಯೆ: ನಿಲ್ಲುತ್ತೇನೆ. ಹೊರತೆಗೆದು ಫೀಲರ್ ಹಾಕುತ್ತೇನೆ, ಎಕ್ಸ್‌ರೇ ತೆಗೆಸುತ್ತೇನೆ. ಯಾವುದು ಗೆದ್ದಿತು ಅನ್ನುವುದಲ್ಲ ಮಾವ. ಎರಡು ಸಾಕ್ಷಿ ಜಗಳವಾಡಿದಾಗ ಸ್ಕ್ರೂ ಹಾಕುವಂತಿಲ್ಲ, ಅಷ್ಟೇ.

ಮಾವ: ಒಪ್ಪಿದೆ. ಆದರೆ ನೀನು ಮಾಡಹೊರಟಿರುವುದರಲ್ಲಿ ಸದ್ದಿಲ್ಲ, ಬರೀ ಉಕ್ಕು. ಅದರ ಅನುಮಾನ ಬೇರೆಯವರಿಗೆ ಹೇಗೆ ಮುಟ್ಟಬೇಕು?

ವೈದ್ಯೆ: ಅಳತೆಯ ಗುರುತುಗಳಿವೆಯಲ್ಲ, 5 ಮಿ.ಮೀ.ಗೊಂದು.

ಮಾವ: ಒಂದೇ ಮಗ್ಗುಲಿಗೆ ಕೊರೆದಿದ್ದೀಯ, ನಿನಗೆ ಮಾತ್ರ ಕಾಣುತ್ತದೆ. ಸುತ್ತ ಉಂಗುರದ ಹಾಗೆ ಕೊರೆಸು, ಎದುರು ನಿಂತವನೂ ಆಳ ಓದಲಿ. ಮೊನೆಯ ಬಾಗು ಮೂಳೆಯೊಳಗೆ ಹೋದಮೇಲೆ ಯಾರಿಗೂ ಕಾಣದು. ಅದು ಯಾವ ಕಡೆ ಮುಖ ಮಾಡಿದೆ ಅಂತ ಹಿಡಿಯ ಮೇಲೊಂದು ಗುರುತು ಬೇಕು, ಆಳವಾಗಿ, ಗ್ಲೌಸ್ ಹಾಕಿದ ಬೆರಳಿಗೂ ಸಿಗುವಂತೆ.

ವೈದ್ಯೆ: ಹಿಡಿಗೆ ಮೆತ್ತನೆಯ ರಬ್ಬರ್ ಹಾಕಿಸೋಣ ಅಂದುಕೊಂಡಿದ್ದೆ. ಕೈ ನೋಯುವುದಿಲ್ಲ.

ಮಾವ: ಮೂಳೆ ಹೇಳಿದ್ದನ್ನು ರಬ್ಬರ್ ನುಂಗುತ್ತದೆ. ಹಿಡಿ ದಪ್ಪ ಮಾಡು, ಮೆತ್ತಗೆ ಮಾಡಬೇಡ.