ಕಾರಣಕ್ಕೆ ಮರಳದ ಕಾರ್ಯ

ಕಾರ್ಯವೊಂದು ಹುಟ್ಟುವ ಮುನ್ನ ತನ್ನ ಕಾರಣದಲ್ಲಿ ಇತ್ತೇ ಇಲ್ಲವೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳ ನಡುವೆ ಬಹುಕಾಲದ ವಾದಕ್ಕೆ ಎಡೆಗೊಟ್ಟಿದೆ. ಅವ್ಯಕ್ತವಾಗಿ ಇದ್ದುದೇ ವ್ಯಕ್ತವಾಯಿತು ಎನ್ನುವ ಸಾಂಖ್ಯರ ನಿಲುವಿಗೆ ಸತ್ಕಾರ್ಯವಾದವೆಂದೂ, ಅವಯವಗಳು ಕೂಡಿದಾಗ ಹಿಂದಿಲ್ಲದ ವಸ್ತುವೊಂದು ಹೊಸದಾಗಿ ಆರಂಭವಾಯಿತು ಎನ್ನುವ ನ್ಯಾಯ-ವೈಶೇಷಿಕರ ನಿಲುವಿಗೆ ಅಸತ್ಕಾರ್ಯವಾದ ಅಥವಾ ಆರಂಭವಾದವೆಂದೂ ಹೆಸರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು 1932ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ದರ್ಶನಗಳ ವಿವೇಚನೆಯಿದೆ. ಮಣ್ಣು-ಮಡಕೆ, ನೂಲು-ಬಟ್ಟೆ, ಎಳ್ಳು-ಎಣ್ಣೆ ಎಂಬ ಹಳೆಯ ದೃಷ್ಟಾಂತಗಳ ಸಾಲಿಗೆ ಅವರದೇ ಊರಿನ ದೇವರಾಜ ಮಾರುಕಟ್ಟೆಯಿಂದ ಮತ್ತೊಂದನ್ನು ಸೇರಿಸಬಹುದು. ಅದು ಬಾಳೆಹಣ್ಣು ಮತ್ತು ಪಾಲಿಥೀನ್ ಚೀಲ.

ಬಲಿತ ಬಾಳೆಕಾಯಿ ಹಣ್ಣಾಗುವಾಗ ತಾನಾಗಿಯೇ ಎಥಿಲೀನ್ ಎಂಬ ಅನಿಲವನ್ನು ಹೊರಸೂಸುತ್ತದೆ. ಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕಿ ಹಣ್ಣು ಮಾಡುವ ಹಳೆಯ ಪದ್ಧತಿ ಫಲಿಸುವುದಕ್ಕೂ ಹೊಗೆಯಲ್ಲಿರುವ ಈ ಅನಿಲವೇ ಒಂದು ಕಾರಣ. ಎರಡು ಇಂಗಾಲದ ಪರಮಾಣುಗಳು ಎರಡು ಬಂಧಗಳಿಂದ ಬೆಸೆದುಕೊಂಡು, ನಾಲ್ಕು ಜಲಜನಕದ ಪರಮಾಣುಗಳನ್ನು ಹೊತ್ತಿರುವ ಈ ಅಣು, ಇಂಗಾಲಗಳ ನಡುವೆ ಇಂಥ ದ್ವಿಬಂಧವುಳ್ಳ ಆಲ್ಕೀನ್‌ಗಳೆಂಬ ವರ್ಗದಲ್ಲಿ ಅತ್ಯಂತ ಸರಳವಾದುದು. ಆ ಎರಡು ಬಂಧಗಳಲ್ಲಿ ಒಂದು ಬಿಗಿ, ಇನ್ನೊಂದು ಅದಕ್ಕಿಂತ ಸಡಿಲ. ಸಡಿಲವಾದುದು ಬಿಚ್ಚಿಕೊಂಡಾಗ ಪ್ರತಿಯೊಂದು ಅಣುವೂ ಎರಡೂ ಕಡೆ ನೆರೆಯ ಅಣುಗಳ ಕೈಹಿಡಿದು, ಸಾವಿರಾರು ಅಣುಗಳು ಒಂದೇ ಸರಪಳಿಯಾಗುತ್ತವೆ. ಇದೇ ಸಂಕಲನ ಪಾಲಿಮರೀಕರಣ. ನೈಲಾನ್ ಮೊದಲಾದವು ರೂಪುಗೊಳ್ಳುವಾಗ ನೀರಿನಂಥ ಚಿಕ್ಕ ಅಣುವೊಂದು ಹೊರಬೀಳುವುದುಂಟು, ಆದರೆ ಇಲ್ಲಿ ಒಂದು ಪರಮಾಣುವೂ ಕಳೆದುಹೋಗುವುದಿಲ್ಲ. 1933ರಲ್ಲಿ ಇಂಗ್ಲೆಂಡಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನತಜ್ಞರು ಎಥಿಲೀನನ್ನು ಅತಿ ಹೆಚ್ಚಿನ ಒತ್ತಡಕ್ಕೆ ಒಳಪಡಿಸಿದಾಗ ಪಾತ್ರೆಯಲ್ಲಿ ದೊರೆತ ಮೇಣದಂಥ ಬಿಳಿಯ ವಸ್ತು ಪಾಲಿಎಥಿಲೀನ್, ಅಂದರೆ ಬಳಕೆಯ ಮಾತಿನ ಪಾಲಿಥೀನ್.

ಹಾಗಾದರೆ ಚೀಲವು ಅನಿಲದಲ್ಲಿ ಮೊದಲೇ ಇತ್ತೇ? ಸಾಂಖ್ಯನ ಪಕ್ಷಕ್ಕೆ ಇಲ್ಲಿ ಬಲವಾದ ಆಧಾರವುಂಟು. ಎಣ್ಣೆ ಎಳ್ಳಿನಿಂದ ಬರುತ್ತದೆಯೇ ಹೊರತು ಮರಳಿನಿಂದ ಬಾರದು, ಆದ್ದರಿಂದ ಶಕ್ತವಾದ ಕಾರಣದಲ್ಲಿ ಕಾರ್ಯ ಅಡಗಿರಲೇಬೇಕು ಎಂಬುದು ಅವನ ಯುಕ್ತಿ. ಈಥೇನ್ ಎಂಬ ಅನಿಲದಲ್ಲಿಯೂ ಇಂಗಾಲ ಮತ್ತು ಜಲಜನಕಗಳೇ ಇವೆ; ಆದರೆ ದ್ವಿಬಂಧವಿಲ್ಲದ ಕಾರಣ ಅದು ಹೀಗೆ ಸರಪಳಿಗಟ್ಟುವುದಿಲ್ಲ, ಎರಡು ಜಲಜನಕಗಳನ್ನು ಕಳೆದುಕೊಂಡು ಎಥಿಲೀನ್ ಆದ ಮೇಲಷ್ಟೇ ಅದಕ್ಕೆ ಆ ಶಕ್ತಿ ಬರುತ್ತದೆ. ವೈಶೇಷಿಕನ ಉತ್ತರವೂ ಹಗುರವಾದುದಲ್ಲ. ನೂಲಿನ ಎಳೆ ಮೈಮುಚ್ಚದು, ಬಟ್ಟೆ ಮುಚ್ಚುತ್ತದೆ. ಗಾಳಿಯಲ್ಲಿ ಹರಡಿಹೋಗುವ ಎಥಿಲೀನ್ ಏನನ್ನೂ ಹಿಡಿದಿಡದು, ಪಾಲಿಥೀನ್ ನೀರನ್ನು ಹಿಡಿಯುತ್ತದೆ. ಬಿಡಿ ಅಣುವಿನಲ್ಲಿ ಹುಡುಕಿದರೂ ಸಿಗದ ಗುಣವು ಅವಯವಿಯಲ್ಲಿ, ಎಂದರೆ ಅವಯವಗಳಿಂದಾದ ಇಡಿಯ ವಸ್ತುವಿನಲ್ಲಿ, ಕಾಣಿಸಿಕೊಂಡಿದೆ. ದ್ರವ್ಯದ ಮಟ್ಟಿಗೆ ಸಾಂಖ್ಯನೂ ಗುಣದ ಮಟ್ಟಿಗೆ ವೈಶೇಷಿಕನೂ ಗೆಲ್ಲುತ್ತಾರೆಂದು ಒಪ್ಪುವುದೇ ನ್ಯಾಯ.

ಆದರೆ ಹುಟ್ಟಿಗಿಂತ ನಾಶದ ಪ್ರಶ್ನೆಯೇ ಹೆಚ್ಚು ಕಠಿಣವಾದುದು. ಸಾಂಖ್ಯದ ಪ್ರಕಾರ ನಾಶವೆಂದರೆ ಇಲ್ಲವಾಗುವುದಲ್ಲ, ಕಾರ್ಯವು ತನ್ನ ಕಾರಣದಲ್ಲಿ ಲಯವಾಗುವುದು. ಪಾಲಿಥೀನ್ ಈ ಲಕ್ಷಣಕ್ಕೆ ಒಗ್ಗುವುದಿಲ್ಲ. ಬಿಚ್ಚಿಕೊಳ್ಳಬಲ್ಲ ಸಡಿಲ ಬಂಧ ಸರಪಳಿ ಕಟ್ಟುವಲ್ಲಿಯೇ ವೆಚ್ಚವಾಗಿ, ಉಳಿದವೆಲ್ಲ ಗಟ್ಟಿಯಾದ ಏಕಬಂಧಗಳಾದ್ದರಿಂದ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದರಲ್ಲಿ ಹಿಡಿತ ಸಿಗುವುದು ಬಲು ಕಷ್ಟ. ಬಿಸಿಲಿಗೆ ಅದು ಪೆಡಸಾಗಿ ಹರಿದು ಚೂರಾಗುತ್ತದೆ, ಚೂರು ಕಣವಾಗುತ್ತದೆ, ಕಣವೂ ಬಹುಮಟ್ಟಿಗೆ ಪಾಲಿಥೀನೇ. ಬೆಂಕಿಯಲ್ಲಿ ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆಯೇ ವಿನಾ ಎಥಿಲೀನ್ ಆಗುವುದಿಲ್ಲ.

ಸುಟ್ಟ ಮಡಕೆಯೂ ಹಸಿಮಣ್ಣಾಗಿ ಮರಳುವುದಿಲ್ಲವಲ್ಲ ಎಂಬ ಆಕ್ಷೇಪ ಏಳಬಹುದು, ಅದು ಸರಿಯಾದ ಆಕ್ಷೇಪವೇ. ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯಲ್ಲಿ ಅಗೆದಾಗ ದೊರೆತ ಮಡಕೆಯ ಚೂರುಗಳು ಸಾವಿರಾರು ವರ್ಷ ಹಾಗೆಯೇ ಉಳಿದಿದ್ದುವು. ಆದರೆ ಬೋಕಿಯ ಚೂರು ನೆಲದಲ್ಲಿ ಕಲ್ಲಿನ ಜೊತೆ ಕಲ್ಲಾಗಿ ಇರುತ್ತದೆ. ಪಾಲಿಥೀನ್ ದನದ ಹೊಟ್ಟೆಯನ್ನೂ ಮೋರಿಯ ಬಾಯನ್ನೂ ಕಟ್ಟುತ್ತದೆ. ದ್ವಿಬಂಧವುಳ್ಳ ಏಕಕಗಳಿಂದ, ಅಂದರೆ ಸರಪಳಿಯ ಬಿಡಿ ಅಣುಗಳಿಂದ, ಆದ ಪಾಲಿಮರ್‌ಗಳೆಲ್ಲಕ್ಕೂ ಲಯ ಅಸಾಧ್ಯವೆಂದೂ ಹೇಳುವಂತಿಲ್ಲ. ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಹಾಳೆಯನ್ನು ಚೆನ್ನಾಗಿ ಕಾಯಿಸಿದರೆ ಅದರ ಸರಪಳಿ ತುದಿಯಿಂದ ಒಂದೊಂದೇ ಕೊಂಡಿ ಕಳಚಿ ಬಹುಪಾಲು ಮೂಲ ಏಕಕವೇ ಕೈಗೆ ಬರುತ್ತದೆ. ಮರಳುವ ದಾರಿಯುಳ್ಳ ವಸ್ತುವನ್ನು ಆರಿಸಿಕೊಳ್ಳುವುದು ಹೀಗೆ ಕರ್ತೃವಿನ ಕೈಯಲ್ಲಿರುವುದರಿಂದ, ಇದು ದ್ರವ್ಯಮೀಮಾಂಸೆಯನ್ನು ದಾಟಿ ಧರ್ಮದ ಪ್ರಶ್ನೆಯಾಗುತ್ತದೆ.

ಪೂಜಾವಿಧಿಯು ಈ ಧರ್ಮವನ್ನು ಬಹಳ ಹಿಂದೆಯೇ ಅರಿತಿತ್ತು. ಮಣ್ಣಿನ ಗಣಪತಿಗೆ ವಿಸರ್ಜನೆಯುಂಟು. ದೇವರಿಗೆ ಏರಿಸಿ ತೆಗೆದ ಹೂ-ಪತ್ರೆಗಳಿಗೆ ನಿರ್ಮಾಲ್ಯವೆಂಬ ಹೆಸರಿದ್ದು, ಅದನ್ನು ತುಳಿಯದಂತೆ ಗಿಡದ ಬುಡಕ್ಕೋ ನೀರಿಗೋ ಸೇರಿಸಬೇಕು. ಆಷಾಢದ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹತ್ತುವ ಮಲ್ಲಿಗೆ, ವೀಳ್ಯದೆಲೆ, ತೆಂಗಿನಕಾಯಿಗಳೆಲ್ಲಕ್ಕೂ ಇಂಥ ಮರಳುದಾರಿಯಿದೆ, ಅವುಗಳನ್ನು ಹೊತ್ತ ಚೀಲಕ್ಕೆ ಮಾತ್ರ ಇಲ್ಲ. ಪ್ಲಾಸ್ಟಿಕ್ ಚೀಲಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಬಂದಿತು. ಅದಕ್ಕೂ ಮುನ್ನ ಬಳಕೆಯಾದುದು ವಿದ್ಯಾರಣ್ಯಪುರದ ಸೂಯೇಜ್ ಫಾರಂನ ಕಸದ ರಾಶಿಯನ್ನು ಸೇರಿದೆ. ಅಂಥ ರಾಶಿಯಲ್ಲಿ ಗಂಟು ಹಾಕಿ ಎಸೆದ ಚೀಲದೊಳಗೆ ಸಿಲುಕಿದ ಹೂವು, ಮಣ್ಣಾಗುವ ಸ್ವಭಾವ ತನಗಿದ್ದರೂ, ಮಣ್ಣನ್ನು ಮುಟ್ಟಲಾರದೆ ಅಲ್ಲಿಯೇ ಕೊಳೆಯುತ್ತದೆ.