ಕಿಡಿ ಹಾರಬೇಕಾದ ಹೊತ್ತು

‘ಎಲ್ಲಕ್ಕೂ ಕಾಲ ಕೂಡಿ ಬರಬೇಕು’ ಎಂಬುದು ನಮ್ಮ ಮನೆಗಳಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳಿಬರುವ ಮಾತು. ಮಗಳ ಮದುವೆ ತಡವಾದರೂ ಇದೇ ಸಮಾಧಾನ, ಕೊಟ್ಟ ಸಾಲ ಬಾರದಿದ್ದರೂ ಇದೇ ಸಮಾಧಾನ. ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾಲ ಕೂಡಿ ಬಂದುದನ್ನು ಗುರುತಿಸುವುದು ಹೇಗೆ? ಅದು ಬಂದ ಮೇಲೆ ಎದ್ದರೆ ಸಾಕೆ, ಬರುವುದಕ್ಕೆ ಮೊದಲೇ ಏಳಬೇಕೆ? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ನನಗೆ ಈ ವಿಷಯದಲ್ಲಿ ಒಂದಿಷ್ಟು ಬೆಳಕು ದೊರೆತದ್ದು ಶಾಸ್ತ್ರಗ್ರಂಥದಿಂದಲ್ಲ. ನಮ್ಮ ಮನೆಯ ಹಳೆಯ ಅಂಬಾಸಡರ್ ಮೋಟಾರಿನಿಂದ.

ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಹೊಸ ಕಾರುಗಳನ್ನಿಟ್ಟವರಿಗೆ ‘ಟೈಮಿಂಗ್ ಇಡುವುದು’ ಎಂದರೆ ಏನೆಂದೇ ತಿಳಿಯದು. ಅವರ ಗಾಡಿಯಲ್ಲಿ ಆ ಚಿಂತೆಯನ್ನು ಗಣಕಯಂತ್ರವೇ ಹೊತ್ತಿದೆ. ಕಾರ್ಬ್ಯುರೇಟರಿನ ಹಳೆಯ ಗಾಡಿಯಲ್ಲಾದರೋ ಅದು ಮನುಷ್ಯನ ಕೈಯ ಕೆಲಸ.

ಸಂಗತಿ ಹೀಗಿದೆ. ಪೆಟ್ರೋಲೂ ಗಾಳಿಯೂ ಬೆರೆತು ಸಿಲಿಂಡರಿನೊಳಗೆ ಬರುತ್ತವೆ. ಪಿಸ್ಟನ್ ಮೇಲೇರಿ ಆ ಮಿಶ್ರಣವನ್ನು ಒತ್ತುತ್ತದೆ. ಆಗ ಪ್ಲಗ್ಗಿನಲ್ಲಿ ಕಿಡಿ ಹಾರಿ ಮಿಶ್ರಣ ಉರಿದು, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ ತುತ್ತತುದಿ ಮುಟ್ಟಿದ ಕ್ಷಣದಲ್ಲೇ ಕಿಡಿ ಹಾರಬೇಕೆಂದು ಯಾರಿಗಾದರೂ ತೋರುತ್ತದೆ. ಹಾಗಲ್ಲ. ಬೆಂಕಿ ಹರಡುವುದಕ್ಕೂ ಹೊತ್ತು ಬೇಕು. ಅದು ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 800 ಸುತ್ತಿನಂತೆ ಎಂಜಿನ್ ಮೆಲ್ಲಗೆ ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕು ಸುಮಾರು 10 ಡಿಗ್ರಿ ಹೊರಳುತ್ತದೆ. 3000 ಸುತ್ತಿನಲ್ಲಾದರೆ 36 ಡಿಗ್ರಿ. ತುದಿಯಲ್ಲಿ ಕಿಡಿ ಹಚ್ಚಿದರೆ ಬೆಂಕಿ ಬಲಗೊಳ್ಳುವ ಹೊತ್ತಿಗೆ ಪಿಸ್ಟನ್ ಎಷ್ಟೋ ಕೆಳಗಿಳಿದಿರುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ, ಅದು ಎದುರೊತ್ತುತ್ತಿರುವಾಗಲೇ, ಕಿಡಿ ಹಾರಬೇಕು. ವೇಗ ಹೆಚ್ಚಿದಷ್ಟೂ ಇನ್ನಷ್ಟು ಮುಂಚಿತವಾಗಿ. ಇದಕ್ಕಾಗಿಯೇ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಪುಟ್ಟ ತೂಕಗಳನ್ನಿಟ್ಟಿದ್ದಾರೆ. ವೇಗ ಏರಿದಂತೆ ಅವು ಸ್ಪ್ರಿಂಗನ್ನು ಎಳೆದು ಹೊರಕ್ಕೆ ಹರಡಿ ಕಿಡಿಯನ್ನು ಮುಂದಕ್ಕೆ ತರುತ್ತವೆ.

ಸರಿಯಾದ ಹೊತ್ತೆಂಬುದು ಫಲದ ಹೊತ್ತಲ್ಲ, ಅದಕ್ಕಿಂತ ತುಸು ಮೊದಲು: ಇದು ನಾನು ಕಲಿತ ಮೊದಲ ಪಾಠ. ನನಗೆ ಪರಿಚಯದ ಅಣ್ಣತಮ್ಮಂದಿರಿಬ್ಬರು ಮನೆಯ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದರು. ಇಬ್ಬರೂ ಕೆಟ್ಟವರಲ್ಲ. ಯುಗಾದಿಗೆ ಹೋಗಿ ಮಾತಾಡಿಸಿದರಾಯಿತು ಎಂದು ಒಬ್ಬರು, ಮಗನ ಮದುವೆಗೆ ಕರೆದರಾಯಿತು ಎಂದು ಇನ್ನೊಬ್ಬರು, ಹೀಗೆ ಹದಿನಾರು ವರ್ಷ ಕಾದರು. ಕೊನೆಗೆ ತಮ್ಮ ಬಂದದ್ದು ಅಣ್ಣನ ಹೆಣದ ಮುಂದೆ. ಅಂದು ಅವರು ಅತ್ತ ಅಳು ನಿಜವಾದದ್ದೆ. ಆದರೆ ಅದರಿಂದ ಯಾವ ಗಾಲಿಯೂ ತಿರುಗಲಿಲ್ಲ. ಕಿಡಿ ತಡವಾದ ಎಂಜಿನ್ನಿನಲ್ಲೂ ಹೀಗೆಯೇ: ಪೆಟ್ರೋಲು ಉರಿಯುತ್ತದೆ, ಶಾಖ ಹುಟ್ಟುತ್ತದೆ, ಎಳೆಯುವ ಬಲ ಮಾತ್ರ ಇಲ್ಲ, ಶಾಖವೆಲ್ಲ ಹೊಗೆಕೊಳವೆಯಲ್ಲಿ ಹೋಗುತ್ತದೆ.

ಮಹಾಭಾರತದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಭೀಷ್ಮ. ಶಾಂತಿಪರ್ವದಲ್ಲಿ ಬಾಣದ ಹಾಸಿಗೆಯ ಮೇಲೆ ಮಲಗಿ ಅವನು ಯುಧಿಷ್ಠಿರನಿಗೆ ಹೇಳುವ ಧರ್ಮಕ್ಕೆ ಕೊನೆಮೊದಲಿಲ್ಲ. ಆದರೆ ದ್ಯೂತಸಭೆಯಲ್ಲಿ ದ್ರೌಪದಿ ಒಂದೇ ಒಂದು ಪ್ರಶ್ನೆ ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಸುಮ್ಮನಾದವನೂ ಅವನೇ. ಸಂಧಿಯಾಗಲೆಂದು ಅವನು ಆಮೇಲೆ ಹೇಳಿದ್ದುಂಟು. ಅಷ್ಟರಲ್ಲಿ ಪಿಸ್ಟನ್ ಇಳಿದಾಗಿತ್ತು. ಆ ಸಭೆಯಲ್ಲಿ ಹೊತ್ತಿಗೆ ಬಾಯಿ ಬಿಟ್ಟವರು ವಿದುರ ಮತ್ತು ಕೌರವರಲ್ಲೇ ಒಬ್ಬನಾದ ವಿಕರ್ಣ.

‘ಹಾಗಾದರೆ ಅವಸರವೇ ಒಳ್ಳೆಯದೆ?’ ಎಂದು ವಾಚಕರು ಕೇಳಬಹುದು. ಅದಕ್ಕೂ ಎಂಜಿನ್ ಉತ್ತರ ಹೇಳುತ್ತದೆ. ಕಿಡಿಯನ್ನು ಮಿತಿಮೀರಿ ಮುಂದಕ್ಕೆ ತಂದರೆ ಏರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆಯೇ ಪೆಟ್ಟು ಬೀಳುತ್ತದೆ. ಏರುದಾರಿಯಲ್ಲಿ ಗಾಡಿ ಟಿಕಿಟಿಕಿ ಎಂದು ಬಡಿದುಕೊಳ್ಳುತ್ತದೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನೇ ಒಡೆಯಬಹುದು. ಕೈಯಿಂದ ಹ್ಯಾಂಡಲ್ ತಿರುಗಿಸುತ್ತಿದ್ದ ಕಾಲದಲ್ಲಿ ಅದು ಹಿಂದಕ್ಕೆ ಒದ್ದು ಚಾಲಕನ ಮಣಿಕಟ್ಟನ್ನು ಮುರಿಯುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಟಿ ಮಾದರಿಯ ಕಾರಿನಲ್ಲಿ ಸ್ಟಿಯರಿಂಗಿನ ಎಡಕ್ಕೆ ಕಿಡಿಗೆಂದೇ ಒಂದು ಸನ್ನೆಗೋಲಿತ್ತು. ಹ್ಯಾಂಡಲಿಗೆ ಕೈ ಹಾಕುವ ಮುನ್ನ ಕಿಡಿಯನ್ನು ಹಿಂದಕ್ಕೆ ಸರಿಸುವುದು ಅಂದಿನ ಚಾಲಕನ ಮೊದಲ ಎಚ್ಚರಿಕೆ.

ಅವಸರಕ್ಕೂ ಮಹಾಭಾರತದಲ್ಲಿ ಕಥೆಯಿದೆ. ಸವತಿ ಕದ್ರುವಿನ ಮೊಟ್ಟೆಗಳೊಡೆದು ಮಕ್ಕಳು ಹೊರಬಂದುದನ್ನು ಕಂಡ ವಿನತೆ, ತಾಳಲಾರದೆ ತನ್ನ ಎರಡು ಮೊಟ್ಟೆಗಳಲ್ಲಿ ಒಂದನ್ನು ಒಡೆದಳು. ಕೆಳಮೈ ಬೆಳೆಯದ ಅರುಣ ಹೊರಬಂದ. ತಾಯಿಗೆ ದಾಸ್ಯದ ಶಾಪ ಕೊಟ್ಟ. ಎರಡನೆಯದನ್ನು ಅವಳು ಕಾದಳು. ಅದರಿಂದ ಬಂದವನು ಗರುಡ.

ಇನ್ನು, ಮುಂಚೆ ಎಂದರೆ ಎಷ್ಟು ಮುಂಚೆ? ಕೈಪಿಡಿಯಲ್ಲಿ ಲೆಕ್ಕವಿದೆ. ನಮ್ಮ ಮೇಸ್ತ್ರಿ ಮೊದಲು ಅದನ್ನೇ ನಡೆಸುತ್ತಾರೆ. ಪಾಯಿಂಟುಗಳ ನಡುವೆ 0.015 ಅಂಗುಲದ ಫೀಲರ್ ಗೇಜು ತೂರಿಸಿ ಸಂದು ನೋಡುತ್ತಾರೆ. ಪುಲ್ಲಿಯ ಗುರುತು ಹೊಂದಿಸಿ, ಡಿಸ್ಟ್ರಿಬ್ಯೂಟರಿನ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಒಂದು ಪುಟ್ಟ ಬಲ್ಬು ಕಟ್ಟುತ್ತಾರೆ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹೊರಳಿಸುತ್ತ, ಪಾಯಿಂಟು ಬಿಟ್ಟುಕೊಂಡು ಬಲ್ಬು ಹತ್ತಿದೊಡನೆ ನಿಲ್ಲಿಸಿ ಬಿಗಿಯುತ್ತಾರೆ. ಅಷ್ಟಕ್ಕೆ ಕೆಲಸ ಮುಗಿಯಿತೆಂದು ನಾನು ಹಣ ತೆಗೆಯಲು ಹೋದರೆ, ‘ತಾಳಿ ಸಾರ್, ಪುಸ್ತಕದ್ದು ಆಯ್ತು, ಇನ್ನು ಗಾಡೀದು ಕೇಳಬೇಕು’ ಎನ್ನುತ್ತಾರೆ. ಏರಿನ ರಸ್ತೆಗೆ ಒಯ್ದು, ಟಾಪ್ ಗೇರಿನಲ್ಲಿ ಒತ್ತಿ, ಕಿವಿಗೊಟ್ಟು, ಬಡಿತ ಹೆಚ್ಚಾದರೆ ತುಸು ಹಿಂದಕ್ಕೆ ಸರಿಸುತ್ತಾರೆ.

ಅವರು ಹೇಳುವುದರಲ್ಲಿ ಅರ್ಥವಿದೆ. ಕೈಪಿಡಿ ಬರೆದವರ ಕಾಲದ ಪೆಟ್ರೋಲು ಈಗಿಲ್ಲ. ಸೀಸ ಬೆರೆತದ್ದು 2000ದಲ್ಲಿ ದೇಶದಲ್ಲೆಲ್ಲ ನಿಂತಿತು. ಈಗಿನದರಲ್ಲಿ ಎಥೆನಾಲ್ ಬೆರೆತಿದೆ. ಎಂಜಿನ್ನೂ ಸವೆದಿದೆ. ಪುಸ್ತಕದ ಲೆಕ್ಕ ಸುಳ್ಳಲ್ಲ. ಅದಿಲ್ಲದೆ ಆರಂಭಿಸುವಂತೆಯೇ ಇಲ್ಲ. ಆದರೆ ಅದು ಆರಂಭ, ಮುಕ್ತಾಯವಲ್ಲ. ಹಿರಿಯರು ಹಾಕಿಕೊಟ್ಟ ಕಟ್ಟಳೆಗಳ ವಿಷಯದಲ್ಲೂ ಇಷ್ಟೇ ಹೇಳಬಹುದೆಂದು ನನ್ನ ಭಾವನೆ. ಈಗಿನ ಕಾರುಗಳಲ್ಲೂ ಬಡಿತವನ್ನು ಆಲಿಸಿ ಕಿಡಿಯನ್ನು ಹಿಂದಕ್ಕೆ ಸರಿಸುವ ಪುಟ್ಟ ಸಾಧನವೊಂದನ್ನು ಎಂಜಿನ್ನಿಗೆ ಅಂಟಿಸಿರುತ್ತಾರಂತೆ. ಮೇಸ್ತ್ರಿಯ ಕಿವಿಯನ್ನು ಯಂತ್ರದವರೂ ಬಿಟ್ಟಿಲ್ಲ!

ಇನ್ನೊಂದು ಸೂಕ್ಷ್ಮವುಂಟು. ಒಮ್ಮೆ ಇಟ್ಟ ಟೈಮಿಂಗು ಹಾಗೆಯೇ ನಿಲ್ಲುವುದಿಲ್ಲ. ಪಾಯಿಂಟಿನ ಹಿಮ್ಮಡಿ ದಿನದಿನಕ್ಕೆ ಸವೆದು ಸಂದು ಕಿರಿದಾಗುತ್ತದೆ. ಅದು ಬಿಟ್ಟುಕೊಳ್ಳುವುದು ತಡವಾಗುತ್ತದೆ. ಸವಕಳಿಯಿಂದ ಅದು ಹಿಂದಕ್ಕೆ ಬೀಳುತ್ತದೆಯೇ ಹೊರತು ಮುಂದಕ್ಕೆ ಬರುವುದಿಲ್ಲ. ಒಂದೊಂದು ದಿನದ ವ್ಯತ್ಯಾಸ ಗೊತ್ತಾಗುವಂಥದಲ್ಲ. ಮನುಷ್ಯನ ಮನಸ್ಸೂ ವಯಸ್ಸಾದಂತೆ ಹೀಗೆಯೇ ತಡವಾಗುತ್ತ ಹೋಗುತ್ತದೆ. ಆ ತಡವನ್ನು ನಾವು ತಾಳ್ಮೆಯೆಂದು ಕರೆದುಕೊಳ್ಳುತ್ತೇವೆ.

ತಡಕ್ಕೂ ಅವಸರಕ್ಕೂ ಬೇರೆಬೇರೆ ಬೇರುಗಳೆಂದು ಮೊದಲು ನನಗೆ ತೋರುತ್ತಿತ್ತು. ಈಗ ಹಾಗೆನಿಸುವುದಿಲ್ಲ. ಸಭೆಯಲ್ಲಿ ಭೀಷ್ಮ ಸಿಂಹಾಸನಕ್ಕೆ ತಾನು ಕಟ್ಟುಬಿದ್ದುದನ್ನು ನೋಡಿಕೊಂಡ. ವಿನತೆ ಸವತಿಯ ತೊಟ್ಟಿಲನ್ನು ನೋಡಿದಳು. ಮುಂದೆ ನಿಂತಿದ್ದ ಹೆಣ್ಣನ್ನು ಅವನು ನೋಡಲಿಲ್ಲ, ಮುಂದಿದ್ದ ಮೊಟ್ಟೆಯನ್ನು ಇವಳು ನೋಡಲಿಲ್ಲ. ಇಬ್ಬರ ಕಿವಿಯೂ ತಮ್ಮ ಕಡೆಗೇ ತಿರುಗಿತ್ತು. ಮೇಸ್ತ್ರಿಯ ಕಿವಿ ಎಂಜಿನ್ನಿನ ಕಡೆಗಿರುತ್ತದೆ. ಬಡಿತ ಕೇಳಿದರೆ ಹಿಂದಕ್ಕೆ ಸರಿಯಲು ಅವರಿಗೆ ನಾಚಿಕೆಯಿಲ್ಲ.

ಆದ್ದರಿಂದ ಗೆಳೆಯನಿಗೆ ಹಿತ ಹೇಳಬೇಕೆ, ಮಗನನ್ನು ತಡೆಯಬೇಕೆ, ಅಣ್ಣನ ಮನೆಗೆ ಹೋಗಬೇಕೆ ಎಂಬ ತೊಡಕು ಬಂದಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎದುರಿನವರ ವಿರೋಧ ಪೂರ್ತಿ ಇಳಿಯಲೆಂದು ಕಾಯುತ್ತಿದ್ದೇನೆಯೆ? ಹಾಗಿದ್ದರೆ ತಡವಾಗುತ್ತಿದೆ. ಅವರ ಬಡಿತ ಕೇಳಿಸಿದರೆ ಮಾತನ್ನು ತುಸು ಹಿಂದೆಗೆದುಕೊಳ್ಳಲು ಸಿದ್ಧನಿದ್ದೇನೆಯೆ? ಇಲ್ಲವಾದರೆ ಅದು ಅವಸರ. ಇಷ್ಟನ್ನು ನೋಡಿಕೊಂಡು ಆಡಿದ ಮಾತೂ ವ್ಯರ್ಥವಾಗಬಹುದು. ವಿದುರನ ಮಾತು ವ್ಯರ್ಥವಾಗಲಿಲ್ಲವೆ? ಆದರೂ ಯುದ್ಧ ಮುಗಿದ ಮೇಲೆ ‘ಅಂದೇ ಹೇಳಬೇಕಾಗಿತ್ತು’ ಎಂದು ವಿದುರ ಮರುಗಬೇಕಾಗಿರಲಿಲ್ಲ.