ತಾರಸಿ ತೋಟದಲ್ಲಿ ಅಹಿಂಸೆಯ ಪ್ರಶ್ನೆ

ಬೆಂಗಳೂರಿನ ತಾರಸಿಗಳಲ್ಲಿ ಬದನೆ, ಬೆಂಡೆ, ಹರಿವೆ ಬೆಳೆಯುವವರಿಗೆ ಮೊದಲ ಹುಳ ಕಾಣಿಸಿದ ದಿನವೇ ಒಂದು ಧರ್ಮಪ್ರಶ್ನೆ ಎದುರಾಗುತ್ತದೆ: ಗಿಡ ಉಳಿಸಲು ಹುಳವನ್ನು ಕೊಲ್ಲಬಹುದೆ? ಇದನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದು ಜೈನ ದರ್ಶನ.

ಜೈನರು ಬೇಸಾಯವನ್ನು ತಿರಸ್ಕರಿಸಲಿಲ್ಲ. ಅಸಿ, ಮಸಿ, ಕೃಷಿ ಮೊದಲಾದ ಆರು ಕಸುಬುಗಳನ್ನು ಜನರಿಗೆ ಕಲಿಸಿದವನು ಮೊದಲ ತೀರ್ಥಂಕರನೇ ಎಂದು ಅವರ ನಂಬಿಕೆ; ಪಂಪನ ‘ಆದಿಪುರಾಣ’ (941) ಆತನ ಚರಿತೆ. ಮಣ್ಣು ಅಗೆದರೆ ಜೀವಹಾನಿ ತಪ್ಪದೆಂಬುದೂ ಅವರಿಗೆ ಗೊತ್ತಿತ್ತು. ಆದ್ದರಿಂದ ಗೃಹಸ್ಥರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ರಕ್ಷಣೆಗಾಗಿ ಮಾಡುವ ವಿರೋಧಿ, ಕೊಲ್ಲಬೇಕೆಂದೇ ಮಾಡುವ ಸಂಕಲ್ಪಿ. ಗೃಹಸ್ಥರು ಬಿಡಲೇಬೇಕಾದದ್ದು ಕೊನೆಯದನ್ನು.

ಹಾಗೆ ನೋಡಿದರೆ ಗುದ್ದಲಿಗೆ ಸಿಕ್ಕ ಎರೆಹುಳದ ಸಾವೂ ವಿಷ ಸಿಂಪಡಿಸಿ ತಂದ ಸಾವೂ ಒಂದೇ ಅಲ್ಲ. ಬೇವಿನೆಣ್ಣೆಯ ವಿಚಾರ ಮಾತ್ರ ಕಠಿಣ. ಅದು ಕೀಟದ ಮೇವು ನಿಲ್ಲಿಸುತ್ತದೆ, ಪೊರೆ ಕಳಚಲು ಬಿಡುವುದಿಲ್ಲ. ನಿಧಾನವಾಗಿ ಬಂದರೂ ಸಾವು ಸಾವೇ. ಸಾವಯವ ಎಂದ ಮಾತ್ರಕ್ಕೆ ಅಹಿಂಸೆಯಾಗದು. ದಾಸವಾಳದ ಚಿಗುರಿಗೆ ಹತ್ತಿದ ಹಿಟ್ಟು ತಿಗಣೆಯನ್ನು ನೀರು ಚಿಮ್ಮಿಸಿ ಉದುರಿಸುವುದು ಅದಕ್ಕಿಂತ ಮೇಲು.

ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ತಾರಸಿ ತೋಟಕ್ಕೆ ಇದರಷ್ಟು ಒಪ್ಪುವ ಮಾತು ಬೇರೆಯಿಲ್ಲ. ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಸುಮಾರು ಎಂಟು ಹತ್ತು ದಿನದಲ್ಲಿ ರೆಕ್ಕೆ ಬಲಿತು ಹಾರುತ್ತದೆ; ಆಮೇಲೆ ಹೊಗೆ ಹಾಕಿ ಕೊಲ್ಲಲೇಬೇಕಾಗುತ್ತದೆ. ನೀರನ್ನು ನಿಲ್ಲಗೊಡದಿದ್ದರೆ ಆ ಪ್ರಮೇಯವೇ ಬರುತ್ತಿರಲಿಲ್ಲ. ಹಸಿ ಕಸದ ಡಬ್ಬಿಯಲ್ಲಿ ದಪ್ಪ ಹುಳಗಳು ಕಂಡೊಡನೆ ಬಿಸಿನೀರು ಸುರಿಯುವವರಿದ್ದಾರೆ. ಅವು ಹಲವು ವೇಳೆ ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ಕಸ ತಿಂದು ಗೊಬ್ಬರದ ಕೆಲಸವನ್ನೇ ಮಾಡುತ್ತವೆ. ಒಣ ಎಲೆ, ತೆಂಗಿನ ನಾರಿನ ಪುಡಿ ಬೆರೆಸಿ ತೇವ ತಗ್ಗಿಸಿದರೆ ಅವೂ ಕಡಿಮೆಯಾಗುತ್ತವೆ.

ಕಣ್ಣಿಗೆ ಬೀಳದ ಹಿಂಸೆಯೂ ಉಂಟು. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ನಗರಕ್ಕೆ ಬರುತ್ತದೆ. ಕುಂಡಕ್ಕೆ ಅದನ್ನು ಪೈಪಿನಲ್ಲಿ ಹರಿಯಬಿಟ್ಟರೆ ಕಳೆದುಕೊಳ್ಳುವುದು ನದಿಯ ಜೀವಗಳು. ಅಕ್ಕಿ ತೊಳೆದ ನೀರು, ತೊಟ್ಟಿಯಲ್ಲಿ ಹಿಡಿದು ಮುಚ್ಚಿಟ್ಟ ಮಳೆನೀರು ಇರುವಾಗ ಅದು ಪ್ರಮಾದವೇ ಸರಿ. ಕೆಂಪು ಮಣ್ಣಿಗೂ ಇದೇ ಮಾತು: ಲಾರಿಯಲ್ಲಿ ಬಂದ ಮಣ್ಣು ಎಲ್ಲೋ ಒಂದು ಹೊಲದ ಮೇಲ್ಪದರ. ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ, ಇಟ್ಟುಕೊಳ್ಳುವುದಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು. ಕುಂಡಗಳ ಲೆಕ್ಕವೂ ಆ ವ್ರತದೊಳಗೇ ಬರುತ್ತದೆ.